ತೆಪ್ಪ ಇಳಿಸುವ ಜಾಗ

ಫೋನಿನಲ್ಲಿ ಕೇಳಿದಿರಿ, ತೆಪ್ಪ ಎಲ್ಲಿ ಇಳಿಸುವುದೆಂದು.
ಯಾವ ತಿಂಗಳು ಅಂತ ಹೇಳಲಿಲ್ಲವಲ್ಲ ಸ್ವಾಮಿ.
ಗೊರೂರಿನ ಹಿನ್ನೀರಿಗೆ ಒಂದೇ ದಡ ಇಲ್ಲ.
ದೀಪಾವಳಿ ಹೊತ್ತಿಗೆ ಹೊಂಗೆಮರದ ಬುಡಕ್ಕೇ ನೀರು,
ಬಸ್ಸಿಳಿದು ಚಪ್ಪಲಿ ಬಿಟ್ಟರೆ ತೆಪ್ಪದಲ್ಲೇ ಕಾಲು.
ಶಿವರಾತ್ರಿ ಕಳೆದ ಮೇಲೆ ಅದೇ ಮರದಿಂದ
ಬಿರಿದ ಕೆಸರಿನ ಬಯಲಲ್ಲಿ
ಎರಡು ಸಲ ಎಲೆಯಡಿಕೆ ಹಾಕಿ ಉಗಿಯುವಷ್ಟು ನಡಿಗೆ,
ತೆಪ್ಪ ತಲೆಯ ಮೇಲೆ ಕವುಚಿಕೊಂಡು.
ದೂರದಿಂದ ನೋಡಿದವರಿಗೆ
ಕಾಲು ಬಂದ ಅಣಬೆ ನಾನು.

ಬರೆದುಕೊಳ್ಳುತ್ತೀರಾದರೆ ಪೆನ್ಸಿಲಿನಲ್ಲಿ ಬರೆದುಕೊಳ್ಳಿ.
ಹಳೇ ರಸ್ತೆ ನೀರಿಗಿಳಿಯುವ ಕಡೆ ಒಳ್ಳೆಯದು;
ಟಾರು ಇನ್ನೂ ಗಟ್ಟಿ, ಕಾಲು ಹೂಳುವುದಿಲ್ಲ.
ಅಲ್ಲೊಂದು ಮೈಲಿಗಲ್ಲು ಇದೆ, ಯಾವ ಊರಿಗೆ ಎಷ್ಟೋ,
ಅಂಕಿಯ ಮೇಲೆ ಕಪ್ಪೆಚಿಪ್ಪು ಕೂತಿದೆ.
ಕಲ್ಲು ಪೂರಾ ಕಂಡರೆ ಗೆಂಡೆಗೆ ಹೋಗಿ.
ತಲೆ ಮಾತ್ರ ಕಂಡರೆ ಕಾಟ್ಲಾ.
ಕಾಣದೇ ಇದ್ದರೆ ಮನೆಗೆ ಹೋಗಿ,
ಆಗ ಅಡಿಯಲ್ಲಿ ಹಳೇ ಹೊಳೆ ಎದ್ದಿರುತ್ತದೆ.
ಮೈದುನ ಪುಟ್ಟಮಾದ ಹಟ ಮಾಡಿ ಹೋದವನು
ಸಂಜೆ ಬಂದ, ಮೀನೂ ಇಲ್ಲ, ಬಲೆಯೂ ಇಲ್ಲ,
ಮೂರು ದಿನ ಮಾತೂ ಇಲ್ಲ.

ಚರ್ಚಿನ ಕಡೆ ಬೇಡ. ಫೋಟೋದವರ ಗದ್ದಲ.
ಅಲ್ಲಿನ ಮೀನು ಬಿಸ್ಕತ್ತು ತಿಂದು
ಎರೆಹುಳು ಕಂಡರೆ ಮೂಗು ಮುರಿಯುತ್ತವೆ.

ಹೆಗ್ಗಡೆಯ ಕಣ ಅನ್ನುತ್ತೇವೆ, ಮೂರಾಳು ನೀರು.
ಹೆಗ್ಗಡೆಯೂ ಇಲ್ಲ, ಕಣವೂ ಇಲ್ಲ,
ಮೀನು ಮಾತ್ರ ಅಲ್ಲೇ ಸುತ್ತುತ್ತವೆ
ಮೇಟಿಗೆ ಕಟ್ಟಿದ ಎತ್ತಿನ ಹಾಗೆ.
ರಾಗಿಹಿಟ್ಟಿಗೆ ಹಿಂಡಿ ಕಲಸಿ, ಉಂಡೆ ಹೆಬ್ಬೆರಳಷ್ಟು.
ಕಣದ ಮೀನಿಗೆ ರಾಗಿ ಅಂದರೆ ನೆನಪು ಬರುತ್ತೆ
ಅಂತ ನನ್ನ ಗಂಡ ಹೇಳುವುದು.
ಸುಳ್ಳು. ಆದರೆ ಮೀನು ಬೀಳುತ್ತೆ.

ತೆಪ್ಪ ಈಗ ಫೈಬರ್. ಅಮ್ಮನ ಕಾಲದಲ್ಲಿ ಬಿದಿರಿಗೆ ಚರ್ಮ,
ನನ್ನ ಮದುವೆ ಹೊತ್ತಿಗೆ ಗೊಬ್ಬರದ ಚೀಲಕ್ಕೆ ಟಾರು.
ನಡುವೆ ಕೂರಿ, ಅಂಚಿಗೆ ಒರಗಬೇಡಿ.
ಹುಟ್ಟು ನನ್ನ ಕೈಯಲ್ಲಿರಲಿ;
ಹೊಸಬರಿಗೆ ಕೊಟ್ಟರೆ ತೆಪ್ಪ ಬುಗುರಿ.

ಕೊರಮೀನು ಎಲ್ಲಿ, ಅಂದಿರಿ.
ಎಲ್ಲರೂ ಕೊನೆಗೆ ಅದನ್ನೇ ಕೇಳುವುದು.
ಯಗಚಿಗೆ ಹೋಗಿ. ವಾಟೆಹೊಳೆಗೆ ಹೋಗಿ.
ಇಲ್ಲಿಯೂ ಇದೆ ಒಂದು ಕಡೆ, ಜೊಂಡಿನ ಒಳಗೆ,
ತೆಪ್ಪ ಒಂದು ಸುತ್ತು ತಿರುಗುವಷ್ಟೇ ಜಾಗ.
ಅದರ ದಾರಿ ಹೇಳುವುದಿಲ್ಲ.

ಸೊಸೈಟಿಯವರು ಬೇಡವೆಂದ ತಿಂಗಳು. ಮಳೆ ಬಿಟ್ಟ ಬೆಳಿಗ್ಗೆ
ನೀರ ಮೇಲೆ ಕೆಂಪಗೆ ಏನೋ ಕದಲುತ್ತಿತ್ತು,
ಕುಂಕುಮ ಚೆಲ್ಲಿ ಯಾರೋ ಬೆರಳಾಡಿಸಿದ ಹಾಗೆ.
ಮರಿಗಳು. ಸಾವಿರ ಇರಬೇಕು. ಉಸಿರಿಗೆ ಮೇಲೆ ಬಂದು
ಒಟ್ಟಿಗೇ ಇಳಿದು, ಒಟ್ಟಿಗೇ ಬರುವವು.
ಕೆಳಗೆ ತಾಯಿ, ಮೊಳಕ್ಕಿಂತ ಉದ್ದ, ನಿಂತಿದ್ದಳು.
ಮರಿಯ ಹತ್ತಿರ ಏನು ಬಿದ್ದರೂ ಹೊಡೆಯುತ್ತಾಳೆ,
ಹಸಿವಿಗಲ್ಲ.
ಅದು ಗೊತ್ತಿದ್ದೇ ಗಾಳಕ್ಕೆ ಕಪ್ಪೆ ಚುಚ್ಚಿ ಎಸೆದೆ.
ಎರಡು ಕೇಜಿ ಮುನ್ನೂರು ಗ್ರಾಂ.
ಹೊಳೆನರಸೀಪುರದ ಹೋಟೆಲಿನವನು
ತೂಗುವ ಮೊದಲೇ ದುಡ್ಡು ಎಣಿಸಿದ.

ಎಳೆದು ಹಾಕಿಕೊಂಡ ಮೇಲೂ ನಾನು ಹೊರಡಲಿಲ್ಲ, ಯಾಕೋ.
ಮೊದಲು ಜಿಲೇಬಿ ಮೀನು ಬಂದವು, ಆಮೇಲೆ ನೀರುಕಾಗೆ.
ಬಾಯಲ್ಲಿದ್ದ ಎಲೆಯಡಿಕೆ ಕೆಂಪಾಗುವಷ್ಟರಲ್ಲಿ
ನೀರ ಮೇಲಿನ ಕೆಂಪು ಮುಗಿದಿತ್ತು.
ತೆಪ್ಪ ತಿರುಗಿಸೋಣವೆಂದು ಕೈ ಚಾಚಿದರೆ
ಸಿಕ್ಕಿದ ಕೋಲಿಗೂ
ನಮ್ಮ ಮಾತಿನಲ್ಲಿ ಹುಟ್ಟು ಅಂತಲೇ ಹೆಸರು.

ಭಾನುವಾರ ಬನ್ನಿ. ಆರು ಗಂಟೆ, ಮೈಲಿಗಲ್ಲಿನ ಹತ್ತಿರ.
ಚೌಡಮ್ಮನ ತೆಪ್ಪ ಅಂದರೆ ಟೀ ಅಂಗಡಿಯವನು ತೋರಿಸುತ್ತಾನೆ.
ಟೋಪಿ ತನ್ನಿ, ಬುತ್ತಿ ತನ್ನಿ. ಗಾಳ ಎರಡು ಸಾಕು.
ಜೊಂಡಿನ ಕಡೆ ಕೈ ತೋರಿಸಿ ಕೇಳಿದರೆ
ಅಲ್ಲಿ ಬರೀ ಮುಳ್ಳು, ತೆಪ್ಪ ಹೋಗಲ್ಲ ಅನ್ನುತ್ತೇನೆ.
ಈಗಲೇ ಹೇಳಿಟ್ಟಿದ್ದೇನೆ.
ಆಗ ನಂಬಿದ ಹಾಗೆ ಮಾಡಿ.