ಬೂದಿಗಿಡ

ಎರ್ಮೊಸಿಯೊ ಊರಲ್ಲಿ, ಪಡುವಣ ಬಿಸಿಲು ಬಡಿವ ಗೋಡೆಗೆಂದು
ಎರಡು ಸೆನಿಸೊ ಸಸಿ ತಂದಳು ಎವುಲಾಲಿಯಾ.
ಸೆನಿಸೊ ಅಂದರೆ ಅವರಲ್ಲಿ ಬೂದಿಬಣ್ಣದ್ದು;
ಇದ್ದದ್ದೂ ಹಾಗೇ, ಒಲೆ ಗೋರಿ ಚೆಲ್ಲಿದಂತೆ.

"ಮೊದಲ ಬೇಸಿಗೆ ಹದಿನೈದು ದಿನಕ್ಕೊಮ್ಮೆ, ಬೇರು ನೆನೆವಷ್ಟು.
ಆಮೇಲೆ ಮರೆತುಬಿಡು," ಎಂದಿದ್ದ ಸಸಿ ಮಾರುವವ.

ಮರೆಯಲು ಬಾರದು ಅವಳ ಗಂಡ ಕ್ರೆಸೆನ್ಸಿಯೊಗೆ.
ಮೂವತ್ತು ವರ್ಷ ನೀರಿನ ಲಾರಿ ಓಡಿಸಿದ ಕೈ.
ರಾತ್ರಿ ಅವಳು ಮಲಗಿದ ಮೇಲೆ
ಪಾತ್ರೆ ತೊಳೆದ ನೀರಿನ ಬಕೆಟ್ಟು ಹಿಡಿದು
ಬರಿಗಾಲಲ್ಲಿ ಹೊರಗೆ.

ಬಾಗಿಲ ಬಳಿಯ ಗಿಡ ಆಗಸ್ಟಿಗೆ ಹಳದಿ.
ಎಳೆದರೆ ಸಲೀಸಾಗಿ ಬಂತು,
ಬೇರೆಲ್ಲ ಕೊಳೆತ ನೂಲು.

ಅವಳೇನೂ ಅನ್ನಲಿಲ್ಲ.
ಬಕೆಟ್ಟು ಬೋರಲು ಹಾಕಿ, ಅದರ ಮೇಲೆ ಕೂತು
ಬೀನ್ಸ್ ಸುಲಿದಳು.

ಇನ್ನೊಂದು, ಗ್ಯಾಸ್ ಸಿಲಿಂಡರಿನ ಹಿಂದೆ,
ಅವನ ಕೈಗೆ ಎಟುಕದೆ ಜಲ್ಲಿ ಕಚ್ಚಿ ನಿಂತದ್ದು,
ಮರುವರ್ಷ ಜುಲೈಯ ಒಂದು ಸಂಜೆ
ಗಾಳಿ ಕೊಂಚ ಜಿಗುಟಾದದ್ದೇ,
ಮೋಡ ಇನ್ನೂ ಗುಡ್ಡದಾಚೆ ಇರುವಾಗಲೇ
ಎಲೆ ಕಾಣದಷ್ಟು ನೇರಳೆ.

"ನಾನಲ್ಲ," ಎಂದ ಕ್ರೆಸೆನ್ಸಿಯೊ,
ಒಣಗಿದ ಎರಡೂ ಅಂಗೈ ತೋರಿಸುತ್ತ.

"ಗೊತ್ತು," ಎಂದು
ಹಗ್ಗದ ಮೇಲಿನ ಬಟ್ಟೆ ಒಳತರಲು ಎದ್ದಳು.