ಸೊಸೆಯರ ಲೆಕ್ಕ

ಗಂಡಸಿಗೆ ಚೌಕ, ಹೆಂಗಸಿಗೆ ಸೊನ್ನೆ.
ಸತ್ತವರ ಮೇಲೆ ಓರೆ ಗೆರೆ.
ಕಾಯಿಲೆ ಬಿದ್ದವರ ಒಳಗೆ ಕಪ್ಪು ತುಂಬಬೇಕು.
ನಾಲೆ ಮುಗಿಯುವ ಈ ಕೊಪ್ಪಲಿನಲ್ಲಿ
ವಾರಕ್ಕೊಂದು ಪೆನ್ಸಿಲು ಸವೆಯುತ್ತದೆ ನನಗೆ.

ಐಸಿನ ಡಬ್ಬಿಯಲ್ಲಿ ನೂರಾ ನಲವತ್ತು ನಳಿಗೆ ನೆತ್ತರು,
ಗೋಣಿಚೀಲದಲ್ಲಿ ಶೀಸೆ ಶೀಸೆ ನೀರು:
ನಾಲೆಯದು, ಕೈಪಂಪಿನದು,
ಶಾಲೆ ಹಿಂದಿನ ಬೋರಿನದು. ಊರು ಕುಡಿಯುವುದು ಅದನ್ನೇ,
ಕಾಯಿಸಿದರೆ ಪಾತ್ರೆಯ ತಳಕ್ಕೆ ಸುಣ್ಣ ಬಳಿದ ಹಾಗೆ.
ನಲವತ್ತು ದಾಟದ ಗಂಡಸರ ಕಿಡ್ನಿ ಇಲ್ಲಿ
ಯಾಕೆ ಒಣಗುತ್ತದೆ?
ನೀರೋ, ನೆತ್ತರೋ?
ಉಪಾಯ ಮೈಸೂರಿನಲ್ಲೇ ಹೊಳೆದಿತ್ತು, ಸಲೀಸಾದದ್ದು:

ಸೊಸೆಯರನ್ನು ಎಣಿಸು,
ಬೇರೆ ನೆತ್ತರು ತಂದು ಈ ನೀರು ಕುಡಿದವರು.
ಕೊಟ್ಟ ಹೆಣ್ಣುಮಕ್ಕಳನ್ನು ಎಣಿಸು,
ಈ ನೆತ್ತರು ಹೊತ್ತು ಬೇರೆ ನೀರು ಕುಡಿದವರು.
ಸೊಸೆಯರು ಬಿದ್ದರೆ ತಪ್ಪು ನೀರಿನದು,
ಮಗಳು ಬಿದ್ದರೆ ನೆತ್ತರಿನದು.
ಆ ರಾತ್ರಿ ಖುಷಿಗೆ ನಿದ್ದೆ ಬಂದಿರಲಿಲ್ಲ.

ಮೊದಲ ಮನೆ ನಿಂಗಾಜಮ್ಮನದು.
ಜಗಲಿಯಲ್ಲಿ ಮಗ ಜವರ, ಊದಿದ ಕಾಲು ಚಾಚಿ.
ಸೋಮವಾರ, ಗುರುವಾರ ಮಂಡ್ಯದ ಬಸ್ಸು, ಡಯಾಲಿಸಿಸ್ಸು.
ಚೌಕ ಬರೆದೆ, ಕಪ್ಪು ತುಂಬಿದೆ.
“ಇವರ ಹೆಂಡತಿ ಯಾವೂರಿಂದ ಬಂದವರು, ಅಜ್ಜಿ?”
“ಎಲ್ಲಿಂದ ಬಂದಾಳು? ನನ್ ದೊಡ್ ಮಗಳ ಮಗಳೇ ಕನವ್ವ.
ಅಕ್ಕನ ಮಗಳ್ನ ಬುಟ್ಟು ಹೊರಗಡೆಯೋಳ್ನ ತಂದಾರಾ?”
“ಅಂದರೆ ಸೊಸೆ...”
“ಸೊಸೇನೂ ಅವಳೇ, ಮೊಮ್ಮಗಳೂ ಅವಳೇ.
ಎಂಗಾರ ಬರಕೊ.”

ಜೋಡಿ ಗೆರೆ ಎಳೆದೆ. ಪಕ್ಕದ ಮನೆ, ಅಲ್ಲೂ ಜೋಡಿ ಗೆರೆ.
ಇತ್ತ ಕೊಟ್ಟು ಅತ್ತ ತಂದದ್ದು, ಅತ್ತೆಯ ಮಗ, ಮಾವನ ಮಗಳು.
ಹೋದ ಹೆಣ್ಣುಮಕ್ಕಳಾದರೂ ಎಷ್ಟು ದೂರ ಹೋದರು?
ಮುಂದಿನ ಕೊಪ್ಪಲಿಗೆ,
ಅದೇ ಬಂಡೆಯಡಿಯ ನೀರಿಗೆ.
ಹದಿನೇಳನೇ ಮನೆ ಮುಗಿವ ಹೊತ್ತಿಗೆ
ನನ್ನ ವಂಶದ ಮರ ಮರವಾಗಿರಲಿಲ್ಲ,
ಚುಕ್ಕಿ ತಪ್ಪಿದ ರಂಗೋಲಿ,
ಬೆರಳಿಟ್ಟು ಹೊರಟರೆ ಬೆರಳಿಗೇ ವಾಪಸ್ಸು.

ಅಜ್ಜಿ ಹಿತ್ತಾಳೆ ಲೋಟದಲ್ಲಿ ಮಜ್ಜಿಗೆ ತಂದಳು.
ಬೇಡಜ್ಜಿ, ಈಗಷ್ಟೇ ಆಯಿತು, ಅಂದೆ.
“ನೀರಲ್ಲೇನೈತೆ ಅಂತ ಗೊತ್ತಾತಾ?”
ಇನ್ನೂ ಇಲ್ಲ. ಎರಡು ವರ್ಷ ಬೇಕು. ಸಾಬೀತಾಗಬೇಕು.
ಅವಳು ನನ್ನ ಚೀಲದ ಪಕ್ಕದ ಜೇಬನ್ನು ನೋಡಿದಳು,
ಮೈಸೂರಿನಿಂದ ತುಂಬಿಸಿ ತಂದ ಬಾಟಲಿಯನ್ನು,
ಅರ್ಧ ಖಾಲಿಯಾದದ್ದನ್ನು.
ಏನೂ ಅನ್ನದೆ ಲೋಟ ಒಳಗೆ ಒಯ್ದಳು.
ನಾನು ಇದುವರೆಗೆ ಪ್ರಕಟಿಸಿದ್ದು
ಅದೊಂದೇ.

ಜೀಪು ಹತ್ತುವಾಗ ಕಿಟಕಿಗೆ ಬಂದಳು.
“ನೀನು ಬರದದ್ರಲ್ಲಿ ಒಂದು ಸೊನ್ನೆ ಕಮ್ಮಿ ಐತೆ.
ಚಿಕ್ಕೋಳು, ಹೊಂಬಾಳಿ. ಇಪ್ಪತ್ತಾರು ವರ್ಷ ಆತು.
ಮೈಸೂರಲ್ಲವ್ಳಂತೆ, ಊದುಬತ್ತಿ ಹೊಸೀತಾಳಂತೆ.
ಈ ಮನೇಲಿ ಹೆಸರೆತ್ತಂಗಿಲ್ಲ.”
ಸೆರಗಿನಿಂದ ಎರಡು ಅಚ್ಚು ಬೆಲ್ಲ ತೆಗೆದಳು.
ಒಂದು ನಿನಗೆ, ಅಂದಳು.
ಇನ್ನೊಂದು ಯಾರಿಗೆಂದು ಹೇಳಲಿಲ್ಲ.

ಉದಯಗಿರಿಯ ಓಣಿ. ಬಾಗಿಲಲ್ಲಿ ಬೇರೆ ಹೆಸರು.
ಮೊಣಕೈವರೆಗೆ ಕರಿ ಪುಡಿ, ಗಂಧದ ಘಾಟು
(ಇದಕ್ಕೊಂದು ಹೊಸ ಕಾಲಂ ಬೇಕು, ಅಂದುಕೊಂಡೆ).
ಇಡೀ ಪಟ್ಟಿಯಲ್ಲಿ ಇವಳೊಬ್ಬಳೇ
ಆ ನೆತ್ತರಿನವಳು, ಆ ನೀರು ಬಿಟ್ಟವಳು.
ಒಬ್ಬಳಿಂದ ಏನೂ ಸಾಬೀತಾಗದು,
ಗೊತ್ತಿದ್ದೂ ನನ್ನ ಕೈ ನಡುಗಿತು.

ಬೆಲ್ಲ ಕೊಟ್ಟೆ. ಯಾರು ಕೊಟ್ಟರೆಂದು ಕೇಳಲಿಲ್ಲ.
ಚೂರು ಮುರಿದು ನಾಲಗೆಗಿಟ್ಟಳು, ಕಣ್ಣು ಮುಚ್ಚಿ.
“ಇನ್ನೂ ಉಪ್ಪುಪ್ಪು.
ನಾಲೆ ಕೊನೇ ಗದ್ದೆ, ಚೌಳು ಮಣ್ಣಿಂದು.
ಕಬ್ಬೇನೋ ಎಲ್ಲಾ ಕಡೆ ಒಂದೇ.”

ಆಮೇಲೆ ತೋಳು ಚಾಚಿದಳು.
ಎಡಗೈಯ ನರ ಬೇಗ ಸಿಕ್ಕಿತು.
“ಬರಕೊ,” ಅಂದಳು, “ಜವರಣ್ಣನ ಪಕ್ಕಕ್ಕೇ ಬರಕೊ.”
ಬರೆದೆ, ಒಂದು ಸೊನ್ನೆ.
ಒಳಗೆ ಸದ್ಯಕ್ಕೆ ಬರೀ ಕಾಗದ.