ಐದೂ ಮುಕ್ಕಾಲರ ಬಸ್ಸು

ಕಳೆದ ವಾರ ಒಂಬತ್ತನೇ ತರಗತಿಗೆ ಹೇಳಿದ್ದೆ:
ಶಕ್ತಿಯನ್ನು ಹುಟ್ಟಿಸಲಾಗದು, ನಾಶ ಮಾಡಲೂ ಆಗದು,
ರೂಪ ಬದಲಾಗುತ್ತದೆ, ಅಷ್ಟೇ.
ನಾನೂ ನಂಬಿದ್ದೆ,
ಇವತ್ತು ಮಧ್ಯಾಹ್ನದವರೆಗೆ.

ಆಮೇಲೆ ಮೊಟ್ಟೆ ಲೆಕ್ಕ.
ನೂರಾ ಹನ್ನೆರಡು ಮಕ್ಕಳು, ನೂರಾ ಒಂಬತ್ತು ಮೊಟ್ಟೆ,
ಬಾಳೆಹಣ್ಣು ಬೇಕೆಂದವರು ಇಬ್ಬರು.
ಉಳಿದ ಒಂದಕ್ಕೆ ನಾನು ಉತ್ತರ ಹೇಳಬೇಕು.
ಮತದಾರರ ಪಟ್ಟಿಯಿಂದ ಸತ್ತವರ ಹೆಸರು ತೆಗೆಯಬೇಕು,
ಸತ್ತರೆಂದು ಸಹಿ ಹಾಕಲು ಸೊಸೆ ಮನೆಯಲ್ಲಿಲ್ಲ.
ಫೋನಿನಲ್ಲಿ ಏಳು ಗುಂಪು;
ತುರ್ತು ಎಂದರೆ
ನಿನ್ನೆಯೇ ಕೊಡಬೇಕಿತ್ತು ಎಂದರ್ಥ.

ನಡುವೆ ಓಬಳೇಶ ಬಾಗಿಲಲ್ಲಿ ನಿಂತು
"ಮಿಸ್, ಅವ್ವ ಮನೆಗೆ ಬಂದು ಎರಡು ದಿನ ಆತು" ಎಂದ.
ಅದಕ್ಕೆ ಯಾವ ಕಾಲಮ್ಮೂ ಇರಲಿಲ್ಲ.
ಬೇವಿನ ಕಟ್ಟೆಯ ಮೇಲೆ ಅವನ ಪಕ್ಕ ಕೂತೆ,
ಪೂರಾ ಒಂದು ಪಿರಿಯಡ್ಡು.
ದಣಿದದ್ದು ಅದರಿಂದಲ್ಲ. ಇದನ್ನು ಹೇಳಲೇಬೇಕು.

ಈಗ ತೊಡೆಯ ಮೇಲೆ ಐವತ್ತಾರು ಉತ್ತರಪತ್ರಿಕೆ.
ಕಂಡಕ್ಟರ್ ಹರಿದು ಕೊಟ್ಟ ಚೀಟಿಯಲ್ಲಿ
ಶಕ್ತಿ ಎಂದಿದೆ, ಮೊತ್ತ ಸೊನ್ನೆ.
ಹೊರೆ ಹೊತ್ತು ನಿಂತಲ್ಲೇ ನಿಂತರೆ
ಮಾಡಿದ ಕೆಲಸವೂ ಸೊನ್ನೆ, ಪಾಠ ನನ್ನದೇ,
ಬಲ ಗುಣಿಸು ಸ್ಥಾನಪಲ್ಲಟ.
ಹಾಗಾದರೆ ಈ ಭುಜ ಯಾಕೆ ನೋಯುತ್ತದೆ?

ದುರ್ಗದ ಗುಡ್ಡಸಾಲಿನ ಮೇಲೆ ಗಾಳಿಯಂತ್ರಗಳು,
ನಮ್ಮ ಮಕ್ಕಳ ಬಾಯಲ್ಲಿ ಫ್ಯಾನು.
ಕಿಟಕಿ ಗಾಜು ಗಡಗಡ ಅನ್ನುವ ಆಷಾಢದ ಗಾಳಿ,
ಆದರೂ ತುದಿಯದೊಂದು ಸುಮ್ಮನೆ ನಿಂತಿದೆ.

"ಮಿಸ್, ಗುರುತು ಸಿಕ್ತಾ? ದುರುಗೇಶ.
ವಿಜ್ಞಾನದಲ್ಲಿ ಹದಿನೇಳು ತಗಂಡಿದ್ದೆ."
ಸೊಂಟಕ್ಕೆ ಹಗ್ಗ, ಕಂಕುಳಲ್ಲಿ ಹಳದಿ ಹೆಲ್ಮೆಟ್ಟು,
ಮೈಯೆಲ್ಲ ಗ್ರೀಸಿನ ವಾಸನೆ.
"ಅದೇನು, ಕೆಟ್ಟಿದೆಯೇನೋ?" ಎಂದೆ.
ಅವನು ನಗಲಿಲ್ಲ.
(ಅವನ ಉತ್ತರಕ್ಕೆ ಒಮ್ಮೆ ಇಡೀ ಕ್ಲಾಸು ನಕ್ಕಿತ್ತು, ನನ್ನನ್ನೂ ಸೇರಿಸಿ.)
"ಕೆಟ್ಟಿಲ್ಲ ಮಿಸ್. ಗಾಳಿ ಮಿತಿ ಮೀರಿದ್ರೆ
ರೆಕ್ಕೆ ವಾರೆ ಮಾಡ್ಕಂಡು ತಾನೇ ನಿಂತ್ಕಂತದೆ.
ಬಂದ ಗಾಳಿಗೆಲ್ಲಾ ಎದೆ ಕೊಟ್ರೆ ಮುರೀತದೆ.
ನಿಲ್ಲೋದೂ ಅದರ ಡ್ಯೂಟೀನೇ."

ಹದಿನೇಳು. ಕೊಟ್ಟವಳು ನಾನು.

ಮನೆಯಲ್ಲಿ ಪಾಲಯ್ಯ ಬೇಳೆಗೆ ಇಟ್ಟಿದ್ದ, ಉಪ್ಪು ಮರೆತಿದ್ದ.
ಮಗಳು ಏನೋ ತೋರಿಸಲು ಓಡಿಬಂದು
ಚೀಲ ನೋಡಿ ಹಿಂದೆ ಸರಿದಳು.
ಯಾವತ್ತು ಕಲಿತಳು ಇದನ್ನು?
ಫೋನನ್ನು ಅಕ್ಕಿ ಡಬ್ಬಿಗೆ ಹಾಕಿ ಮುಚ್ಚಿದೆ.
"ಬಾ" ಎಂದೆ. ಅಂಗೈ ಬಿಚ್ಚಿದಳು:
ಹಾಲುಹಲ್ಲು, ಬುಡದಲ್ಲಿ ಇನ್ನೂ ಚೂರು ಕೆಂಪು.
ಅಕ್ಕಿಯ ಒಳಗೆ ಟಣ್ ಎಂದದ್ದು
ಪಕ್ಕದ ಊರಿನಿಂದ ಕೇಳಿಸಿದಂತಿತ್ತು.

ಹತ್ತರ ಮೇಲೆ ನಾಲ್ಕು ಪತ್ರಿಕೆ ತಿದ್ದಿದೆ, ಸುಳ್ಳು ಯಾಕೆ.
ಐದನೆಯದು ಓಬಳೇಶನದು.
ಕೆಲಸ ಎಂದರೇನು? ಎರಡು ಅಂಕ.
'ಅವ್ವ ಮಾಡುವುದು' ಎಂದು ಬರೆದಿದ್ದಾನೆ.
ಎಷ್ಟು ಕೊಡಲಿ ಎಂದು ಯೋಚಿಸುತ್ತ
ಕೆಂಪು ಪೆನ್ನು ಹಿಡಿದೇ ನಿದ್ದೆ ಹೋದೆ.